ಹಲಸಿನ ಮೇಣಕ್ಕೆ ತಿನ್ನರ್ ಹಾಕ್ತೀರಾ?

ನಮ್ಮ ಕಡೆ ಯಾವ ಅಂಟಿಗೂ ಒಂದೇ ಮದ್ದು. ತಿನ್ನರ್!

ಹೊಸ ಬಕೆಟ್ಟಿನ ಮೇಲೆ ರೇಟ್ ಸ್ಟಿಕ್ಕರ್ ಉಂಟಾ? ತಿನ್ನರ್ ಹಾಕಿ. ಬೈಕಿನ ಟ್ಯಾಂಕಿನಲ್ಲಿ ಹಳೇ ಸ್ಟಿಕ್ಕರಿನ ಕಲೆ ಉಂಟಾ? ತಿನ್ನರ್ ಹಾಕಿ. ತಿನ್ನರ್ ಸಿಗದಿದ್ದರೆ ಪೆಟ್ರೋಲ್. ಅದೂ ಇಲ್ಲದಿದ್ದರೆ ಮನೆಯಲ್ಲಿ ಯಾರದ್ದಾದರೂ ನೈಲ್ ಪಾಲಿಶ್ ರಿಮೂವರ್. ತೀರ್ಥದ ಹಾಗೆ ಎಲ್ಲದಕ್ಕೂ ಒಂದೊಂದು ಉದ್ಧರಣೆ. ಬಕೆಟ್ಟಿಗೆ ಏನು ಬೇಕಾದರೂ ಹಾಕಿಕೊಳ್ಳಿ, ನನಗೆ ತಕರಾರಿಲ್ಲ. ಆದರೆ ಇದೇ ತೀರ್ಥವನ್ನು ಗಿಟಾರಿನ ಪ್ಲಾಸ್ಟಿಕ್ಕಿನ ಮೇಲೆ ಪ್ರೋಕ್ಷಣೆ ಮಾಡುವವರ ಮೇಲೆ ನನಗೆ ಸಿಟ್ಟುಂಟು. ಇವತ್ತಿನ ಬರಹ ಆ ಸಿಟ್ಟಿನದ್ದು. ತಾಳ್ಮೆ ಇದ್ದವರು ಮುಂದೆ ಓದಿ, ತಾಳ್ಮೆ ಇಲ್ಲದವರು ಖಂಡಿತ ಓದಿ :-)

ಕೂಳೂರಿನಲ್ಲಿ ಕೂತು, ಹೈವೇ ಲಾರಿಗಳ ಹಾರ್ನ್ ಕೇಳ್ತಾ, ಗಿಟಾರಿನ ಬಗ್ಗೆ ಎಂತ ಬರೆಯುವುದು ಅಂತ ಕೇಳಬೇಡಿ. ಮಂಗಳೂರಿಗೆ ಗಿಟಾರ್ ಹೊರಗಿನ ವಸ್ತು ಅಲ್ಲವೇ ಅಲ್ಲ. ಇಗರ್ಜಿಯ ಗಾಯನ ಮಂಡಳಿಯಿಂದ ಹಿಡಿದು ಮದುವೆ ಮನೆಯವರೆಗೆ ಅದು ಬೇಕೇ ಬೇಕು. 1986ರಲ್ಲಿ ಶುರುವಾದ ಮಾಂಡ್ ಸೊಭಾಣ್ ಸಂಸ್ಥೆ 2008ರ ಜನವರಿ 26-27ರಂದು ಶಕ್ತಿನಗರದ ಕಲಾಂಗಣದಲ್ಲಿ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ್ದು ನಿಮಗೆಲ್ಲ ನೆನಪಿರಬಹುದು. ಇಂಥ ಊರಲ್ಲಿ ಅಟ್ಟದ ಮೇಲೋ ಕಪಾಟಿನ ಹಿಂದೆಯೋ ಒಂದು ಹಳೇ ಗಿಟಾರ್ ಇರುವ ಮನೆಗಳಿಗೆ ಬರ ಇಲ್ಲ. ಬೊಂಬಾಯಿಯಿಂದ ಬಂದದ್ದು, ಗಲ್ಫಿನಿಂದ ಬಂದದ್ದು, ಯಾರೋ ಸತ್ತ ಮೇಲೆ ಯಾರಿಗೋ ಸಿಕ್ಕಿದ್ದು. ನನಗೆ ನುಡಿಸಲು ಬರುವುದು ಅಷ್ಟಕ್ಕಷ್ಟೆ. ಆದರೆ ತಂತಿ ಬದಲಿಸುವುದು, ಸ್ಕ್ರೂ ಬಿಗಿ ಮಾಡುವುದು, ಧೂಳು ಒರೆಸುವುದು ಇಂಥ ಚಿಲ್ಲರೆ ಕೆಲಸ ಬರ್ತದೆ. ಹಾಗಾಗಿ ಭಾನುವಾರ ಅಕ್ಕಪಕ್ಕದ ಮಕ್ಕಳು ಗಿಟಾರ್ ಹಿಡಿದು ಬರುತ್ತಾರೆ.

ಬರುವ ಗಿಟಾರುಗಳಲ್ಲಿ ಅಂಟಿಲ್ಲದ್ದು ಅಪರೂಪ ಮಾರಾಯ್ರೆ. ಪಿಕ್‌ಗಾರ್ಡ್ ಅಂತ ಒಂದು ಪ್ಲಾಸ್ಟಿಕ್ ತಗಡು ಇರ್ತದಲ್ಲ, ನುಡಿಸುವಾಗ ಮರಕ್ಕೆ ಗೀರು ಬೀಳದ ಹಾಗೆ ಹೊಟ್ಟೆಯ ಮೇಲೆ ಕೂರಿಸಿದ್ದು, ಅದೇ ಇವರ ಗೋಡೆ. ಅಲ್ಲಿ ಸಿನೆಮಾ ಹೀರೋ, ಫುಟ್‌ಬಾಲ್ ಆಟಗಾರ, ಶಿಲುಬೆ, ತಲೆಬುರುಡೆ ಎಲ್ಲವೂ ಒಟ್ಟಿಗೆ. ಅಂಗಡಿಯವರ ರೇಟ್ ಸ್ಟಿಕ್ಕರೂ ಅಲ್ಲೇ. ಇನ್ನು ಕೆಲವರು ಕಾರ್ಖಾನೆಯಿಂದ ಬಂದ ತೆಳು ರಕ್ಷಣಾ ಹಾಳೆಯನ್ನೇ ತೆಗೆಯುವುದಿಲ್ಲ. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ ಹರಿದು ಚಿಂದಿ ಆಗುವವರೆಗೆ ಹಾಗೇ ಇಡುವ ಜನ ಅಲ್ವಾ ನಾವು? ಆ ಹಾಳೆ ಬೇಸಿಗೆಯ ಸೆಖೆಗೆ ಬೆಂದು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರುವ ನಮ್ಮ ಮಳೆಯ ತೇವಕ್ಕೆ ನೆಂದು, ಕೊನೆಗೆ ಮೇಲಿನ ಹಾಳೆ ಹೋಗಿ ಕೆಳಗಿನ ಗೋಂದು ಮಾತ್ರ ಉಳಿಯುತ್ತದೆ. ಅದಕ್ಕೆ ಧೂಳು ಹಿಡಿದು ಕಪ್ಪು ಕಲೆ. ಕೈ ಇಟ್ಟರೆ ಪಿಚಪಿಚ.

ಇಷ್ಟರವರೆಗೆ ಏನೂ ಹಾಳಾಗಿರುವುದಿಲ್ಲ. ಹಾಳು ಮಾಡುವವರು ಇದರ ನಂತರ ಬರುತ್ತಾರೆ.

ನಮ್ಮ ಹಿಂದಿನ ಮನೆಯ ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಅವಳ ಅಜ್ಜ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡ ಗಿಟಾರ್ ಅವಳ ಹತ್ತಿರ ಇತ್ತು. ಕಪ್ಪು ಪಿಕ್‌ಗಾರ್ಡ್, ಅದರ ಮೇಲೆ ಅಜ್ಜ ಅಷ್ಟು ವರ್ಷ ನುಡಿಸಿದ ಗೀರುಗಳು, ಆ ಗೀರುಗಳ ಪಕ್ಕದಲ್ಲಿ ಇವಳು ಶಾಲೆಗೆ ಹೋಗುವಾಗ ಅಂಟಿಸಿದ ಎರಡು ಸ್ಟಿಕ್ಕರ್. ತಂತಿ ಹಾಕಿಸಲು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದರು. ಅಂಗಡಿಯವರು ಉಪಕಾರ ಮಾಡುವ ಅಂತ, ಯಾರೂ ಕೇಳದಿದ್ದರೂ, ಸ್ಟಿಕ್ಕರಿನ ಅಂಟನ್ನು ತಿನ್ನರ್ ಹಾಕಿ ಉಜ್ಜಿದರು. ವಾಪಸ್ ಬಂದಾಗ ನಾನು ನೋಡಿದೆ. ಹೊಳೆಯುತ್ತಿದ್ದ ಕಪ್ಪು ಬೂದಿ ಬಣ್ಣಕ್ಕೆ ತಿರುಗಿತ್ತು. ಕರಗಿದ ಪ್ಲಾಸ್ಟಿಕ್ಕಿನಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡು ಹಾಗೇ ಗಟ್ಟಿಯಾಗಿದ್ದವು. ಕೆಳಕ್ಕೆ ಇಳಿದ ತಿನ್ನರ್ ಮರದ ಪಾಲಿಶನ್ನು ಗುಳ್ಳೆ ಎಬ್ಬಿಸಿತ್ತು. ಹುಡುಗಿಯ ಅಪ್ಪ ಹೋಗಿ ಕೇಳಿದ್ದಕ್ಕೆ ಬಂದ ಉತ್ತರ ಏನು ಗೊತ್ತುಂಟಾ?

"ಅಂಟು ಹೋಯಿತಲ್ಲ?"

ಹೋಯಿತು ಸ್ವಾಮಿ. ಅಂಟಿನ ಒಟ್ಟಿಗೆ ಅಜ್ಜನ ಕೈಯ ಗುರುತೂ ಹೋಯಿತು. ಆ ಹುಡುಗಿ ಜಗಳ ಮಾಡಲಿಲ್ಲ, ಅಳಲಿಲ್ಲ. ಗಿಟಾರನ್ನು ಚೀಲಕ್ಕೆ ಹಾಕಿ ಇಟ್ಟಳು, ಅಷ್ಟೆ. ಅಂಗಡಿಯವರ ಮೇಲೆ ಮಾತ್ರ ಹರಿಹಾಯುವುದು ನನ್ನ ಉದ್ದೇಶ ಅಲ್ಲ. ಅವರು ಮಾಡಿದ್ದನ್ನೇ ನಮ್ಮಲ್ಲಿ ಹತ್ತರಲ್ಲಿ ಎಂಟು ಜನ ಮನೆಯಲ್ಲಿ ಮಾಡಿಯಾರು. ವಾಟ್ಸಾಪಿನಲ್ಲಿ ದಿನಾ ಬರುವ "ಒಂದೇ ನಿಮಿಷದಲ್ಲಿ ಕಲೆ ಮಾಯ" ವಿಡಿಯೋಗಳು ಹೇಳಿಕೊಡುವುದೂ ಅದನ್ನೇ.

ಈಗ ಸ್ವಲ್ಪ ವಿಷಯಕ್ಕೆ ಬರುವ. ಪೇಂಟ್ ಅಂಗಡಿಯಲ್ಲಿ ಸಿಗುವ ಡಬ್ಬಿಯ ಮೇಲೆ "ಎನ್.ಸಿ. ತಿನ್ನರ್" ಅಂತ ಬರೆದಿರ್ತದೆ, ನೋಡಿದ್ದೀರಾ? ಎನ್.ಸಿ. ಅಂದರೆ ನೈಟ್ರೋಸೆಲ್ಯುಲೋಸ್. ನೈಟ್ರೋಸೆಲ್ಯುಲೋಸ್ ಪಾಲಿಶನ್ನು ಕರಗಿಸಿ ತೆಳು ಮಾಡಲಿಕ್ಕೆಂದೇ ತಯಾರಾದ ದ್ರವ ಅದು. ಹಳೇ ಗಿಟಾರುಗಳ ಮೈಗೆ ಹೊಡೆಯುತ್ತಿದ್ದ ಪಾಲಿಶ್ ಯಾವುದು? ಬಹಳಷ್ಟು ಸಲ ಅದೇ ನೈಟ್ರೋಸೆಲ್ಯುಲೋಸ್. ಹಳೇ ಪಿಕ್‌ಗಾರ್ಡುಗಳನ್ನು ಯಾವುದರಿಂದ ಮಾಡುತ್ತಿದ್ದರು? ಸೆಲ್ಯುಲಾಯ್ಡಿನಿಂದ, ಅಂದರೆ ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಸೇರಿಸಿ ಮಾಡಿದ ಪ್ಲಾಸ್ಟಿಕ್ಕಿನಿಂದ. ಹೌದು, ನಾವು ಆರತಿಗೆ ಹಚ್ಚುವ ಅದೇ ಕರ್ಪೂರ. ಸೆಲ್ಯುಲಾಯ್ಡಿನ ಪಿಕ್‌ಗಾರ್ಡನ್ನು ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಎಷ್ಟೋ ಸಲ ಕರ್ಪೂರದ ವಾಸನೆ ಬರುತ್ತದೆ. ಅಂಥ ವಸ್ತುವಿನ ಮೇಲೆ ಎನ್.ಸಿ. ತಿನ್ನರ್ ಹಾಕುವುದು ಅಂದರೆ ಬೆಲ್ಲದ ಮೇಲೆ ಬಿಸಿನೀರು ಹೊಯ್ದು ಇರುವೆ ಓಡಿಸಿದ ಹಾಗೆ. ಇರುವೆ ಹೋಗ್ತದೆ, ಬೆಲ್ಲವೂ ಹೋಗ್ತದೆ.

ಹೊಸ ಗಿಟಾರಾದರೆ ಪರವಾಗಿಲ್ಲವಾ? ಇಲ್ಲ. ಈಗಿನ ಪಿಕ್‌ಗಾರ್ಡುಗಳು ಹೆಚ್ಚಾಗಿ ಪಿವಿಸಿ. ಪಿಕಪ್ ಕವರ್, ನಾಬ್, ಬ್ರಿಡ್ಜ್ ಪಿನ್ ಮುಂತಾದ ಸಣ್ಣ ಭಾಗಗಳು ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್. ಪಾರದರ್ಶಕವಾದವು ಕೆಲವು ಅಕ್ರಿಲಿಕ್. ನೈಲ್ ಪಾಲಿಶ್ ರಿಮೂವರಿನಲ್ಲಿರುವ ಅಸಿಟೋನ್ ಎಬಿಎಸ್ಸನ್ನೂ ಅಕ್ರಿಲಿಕ್ಕನ್ನೂ ಕರಗಿಸುತ್ತದೆ, ಪಿವಿಸಿಯನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ. ಪೆಟ್ರೋಲ್ ತಾಗಿದ ಎಬಿಎಸ್‌ನಲ್ಲಿ ಸ್ಕ್ರೂ ಬಿಗಿದ ಕಡೆ, ಎಳೆತ ಇರುವ ಕಡೆ, ಕೂದಲೆಳೆಯಂಥ ಬಿರುಕು ಬರಬಹುದು. ಅದು ಅವತ್ತೇ ಕಾಣುವುದಿಲ್ಲ, ನಿಧಾನಕ್ಕೆ ಕಾಣುತ್ತದೆ. ಹಾಗಾಗಿಯೇ ಪೆಟ್ರೋಲಿಗೆ ಒಳ್ಳೆಯ ಹೆಸರು ಉಳಿದುಕೊಂಡಿದೆ!

ಇಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ. "ನಾನು ಹತ್ತು ವರ್ಷದಿಂದ ಬಕೆಟ್ಟಿಗೆ, ಡಬ್ಬಕ್ಕೆ ತಿನ್ನರ್ ಹಾಕ್ತಾ ಇದ್ದೇನೆ, ಎಂತ ಆಗ್ಲಿಲ್ಲ ಮಾರಾಯ್ರೆ." ಸರಿ, ಆಗಿರಲಿಕ್ಕಿಲ್ಲ. ಯಾಕೆಂದರೆ ಬಕೆಟ್ಟು, ಡಬ್ಬ ಎಲ್ಲ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಅವು ಇಂಥ ದ್ರವಗಳಿಗೆ ಸುಲಭದಲ್ಲಿ ಬಗ್ಗುವ ಜಾತಿ ಅಲ್ಲ. ಬಕೆಟ್ಟಿನಲ್ಲಿ ಗೆದ್ದ ಧೈರ್ಯದಿಂದ ಗಿಟಾರಿಗೆ ಕೈ ಹಾಕುವುದೇ ಎಲ್ಲ ಅನಾಹುತದ ಮೂಲ. "ಪ್ಲಾಸ್ಟಿಕ್" ಅನ್ನುವುದು ಒಂದು ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಅಣ್ಣ ಕುಡಿದು ಜೀರ್ಣಿಸಿಕೊಂಡದ್ದು ತಮ್ಮನಿಗೆ ವಿಷ ಆಗಬಹುದು.

ನನಗೆ ನಿಜವಾಗಿ ಬೇಸರ ಆಗುವುದು ಬೇರೆ ಕಾರಣಕ್ಕೆ. ಅಂಟು ತೆಗೆಯುವ ವಿದ್ಯೆ ನಮ್ಮ ಜಿಲ್ಲೆಯ ಪ್ರತಿ ಅಡುಗೆಮನೆಯಲ್ಲಿ ಉಂಟು. ಹಲಸಿನ ಹಣ್ಣು ಕೊಯ್ಯುವಾಗ ನಮ್ಮ ಅಮ್ಮಂದಿರು ಏನು ಮಾಡುತ್ತಾರೆ? ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುತ್ತಾರೆ. ಮೇಣ ಹತ್ತಿದರೆ ಮತ್ತೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯುತ್ತಾರೆ. ಬರೀ ನೀರಿಗೆ ಆ ಮೇಣ ಜಪ್ಪಯ್ಯ ಅಂದರೂ ಹೋಗುವುದಿಲ್ಲ ಅಂತ ಅವರಿಗೆ ಯಾವ ಕೆಮಿಸ್ಟ್ರಿ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ. ಸ್ಟಿಕ್ಕರಿನ ಅಂಟೂ ಹೆಚ್ಚುಕಡಿಮೆ ಇದೇ ಸ್ವಭಾವದ್ದು. ರಬ್ಬರಿಗೆ ರಾಳ ಸೇರಿಸಿ ಮಾಡಿದ್ದು ಒಂದು ಬಗೆ, ಅಕ್ರಿಲಿಕ್ ಗೋಂದು ಇನ್ನೊಂದು ಬಗೆ. ರಬ್ಬರಿನ ಬಗೆಗೆ ಎಣ್ಣೆ ಕುಡಿಸಿದರೆ ಮೆತ್ತಗಾಗಿ ಹಿಡಿತ ಬಿಡುತ್ತದೆ. ಅಕ್ರಿಲಿಕ್ಕಿನದ್ದು ಸ್ವಲ್ಪ ಹಟಮಾರಿ, ಹೊತ್ತು ಬೇಕು. ಎರಡರಲ್ಲೂ ಕೆಲಸ ಅಂಟಿನ ಮೇಲೆ ನಡೆಯಬೇಕೇ ಹೊರತು ಪ್ಲಾಸ್ಟಿಕ್ಕಿನ ಮೇಲಲ್ಲ. ಹಲಸಿನ ಮೇಣ ಹತ್ತಿದ ಕೈಗೆ ಯಾರಾದರೂ ತಿನ್ನರ್ ಸುರಿಯುತ್ತಾರಾ? ಕೈಯ ಚರ್ಮದ ಮೇಲಿರುವ ಕನಿಕರ ಗಿಟಾರಿನ ಚರ್ಮದ ಮೇಲೆ ಯಾಕಿಲ್ಲ?

ಬರೀ ಬೈದು ಹೋದರೆ ಆಗುವುದಿಲ್ಲವಲ್ಲ. ನಾನು ಮಾಡುವ ಕ್ರಮ ಇದು. ಮೆದುವಾದದ್ದು ಮೊದಲು, ಗಡುಸಾದದ್ದು ಕೊನೆಗೆ.

ಮೊದಲು ತಂತಿ ಸಡಿಲಿಸಿ. ಪಿಕ್‌ಗಾರ್ಡ್ ಸ್ಕ್ರೂನಲ್ಲಿ ಕೂತಿದ್ದರೆ ಬಿಚ್ಚಿಕೊಳ್ಳಿ, ಮರಕ್ಕೆ ಏನೂ ಹರಿಯುವುದಿಲ್ಲ. ಎಲೆಕ್ಟ್ರಿಕ್ ಗಿಟಾರಾದರೆ ಅಡಿಯಲ್ಲಿ ವಯರುಗಳು ಇರುತ್ತವೆ, ಎಳೆಯಬೇಡಿ. ಮರಕ್ಕೇ ಅಂಟಿಸಿದ ಪಿಕ್‌ಗಾರ್ಡನ್ನು ಎಬ್ಬಿಸಲು ಹೋಗಲೇಬೇಡಿ.

ಎರಡನೆಯದು, ಬರೀ ಬೆರಳು. ಹೆಬ್ಬೆರಳಿನಿಂದ ಅಂಟನ್ನು ಒಂದೇ ದಿಕ್ಕಿಗೆ ಉರುಳಿಸಿದರೆ ಎಷ್ಟೋ ಭಾಗ ಉಂಡೆ ಕಟ್ಟಿಕೊಂಡು ಬರುತ್ತದೆ. ಹೊಸ ಸೆಲ್ಲೋ ಟೇಪನ್ನು ಅದರ ಮೇಲೆ ಒತ್ತಿ ಪಟಕ್ಕನೆ ಎಳೆದರೂ ಸ್ವಲ್ಪ ಬರುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು.

ಮೂರನೆಯದು, ಬಿಸಿ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಇಟ್ಟರೆ ಸಾಕು. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ದೂರದಿಂದ. ನಿಮ್ಮ ಕೈ ತಡೆಯದ ಬಿಸಿಯನ್ನು ಪ್ಲಾಸ್ಟಿಕ್ಕಿಗೂ ಕೊಡಬೇಡಿ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಕರ್ಪೂರದ ವಾಸನೆ ಬಂದ ಪಿಕ್‌ಗಾರ್ಡಿಗೆ ಡ್ರೈಯರ್ ಹಿಡಿಯಲೇಬೇಡಿ, ಸೆಲ್ಯುಲಾಯ್ಡ್ ಬೆಂಕಿಗೆ ಕಾದು ಕೂತ ವಸ್ತು.

ನಾಲ್ಕನೆಯದು, ನಮ್ಮ ತೆಂಗಿನೆಣ್ಣೆ. ಹತ್ತಿಯಲ್ಲಿ ನಾಲ್ಕು ಹನಿ, ಅಂಟಿನ ಮೇಲೆ ಮಾತ್ರ. ಹದಿನೈದು ನಿಮಿಷ ಬಿಟ್ಟು ಚಹಾ ಕುಡಿದು ಬನ್ನಿ. ಆಮೇಲೆ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ದೂಡಿ. ಬ್ಲೇಡು, ಚೂರಿ, ಪಾತ್ರೆ ತಿಕ್ಕುವ ಹಸಿರು ನಾರು ಯಾವುದೂ ಬೇಡ. ಬೇಕಾದರೆ ಇನ್ನೊಮ್ಮೆ ಎಣ್ಣೆ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ನೀರಿನಲ್ಲಿ ಬಟ್ಟೆ ಹಿಂಡಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಪಾಲಿಶ್ ಇಲ್ಲದ ಬರೀ ಮರಕ್ಕೆ ಎಣ್ಣೆ ತಾಗಬಾರದು, ಒಳಗೆ ಇಳಿದು ಕಲೆ ಆಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಐದನೆಯದು. ಸಿಗರೇಟ್ ಲೈಟರಿಗೆ ತುಂಬುವ ನಾಫ್ತಾ, ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್. ಗಿಟಾರ್ ರಿಪೇರಿಯ ಪಳಗಿದ ಕೈಗಳು ಹೆಚ್ಚಾಗಿ ನಾಫ್ತಾ ಹಿಡಿಯುವುದು ಯಾಕೆಂದರೆ ಅದು ನೈಟ್ರೋಸೆಲ್ಯುಲೋಸ್ ಪಾಲಿಶನ್ನು ಕರಗಿಸುವುದಿಲ್ಲ. ಆಲ್ಕೋಹಾಲನ್ನು ಅರಗಿನ ಪಾಲಿಶ್ ಇರುವ ಗಿಟಾರಿಗೆ ಮುಟ್ಟಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ಅಕ್ರಿಲಿಕ್ಕಿಗೂ ಬೇಡ, ಬಿರುಕು ಬಿಡಬಹುದು. ಯಾವುದೇ ಆಗಲಿ, ಮೊದಲು ಪಿಕ್‌ಗಾರ್ಡಿನ ಹಿಂಬದಿಯಲ್ಲಿ ಒಂದು ಚುಕ್ಕಿ ಹಚ್ಚಿ ನೋಡಿ. ಹೊಳಪು ಮಾಸಿದರೆ, ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

ಮೂರು ಜಾಗದಲ್ಲಿ ಉಜ್ಜುವ ಕೈ ನಿಲ್ಲಬೇಕು. ಒಂದು, ಅಂಟು ಪೂರ್ತಿ ಹೋದ ಮೇಲೂ ಸ್ಟಿಕ್ಕರಿನ ಆಕಾರದ ನೆರಳು ಉಳಿದಿದ್ದರೆ. ಅದು ಅಂಟಲ್ಲ. ಸುತ್ತಲಿನ ಪ್ಲಾಸ್ಟಿಕ್ ಬೆಳಕಿಗೆ ಹಳದಿಯಾಗಿದೆ, ಸ್ಟಿಕ್ಕರಿನ ಅಡಿಯದ್ದು ಆಗಿಲ್ಲ, ಅಷ್ಟೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಹೊಳಪು ಹೋಗುತ್ತದೆ. ಎರಡು, ಈಗಾಗಲೇ ತಿನ್ನರ್ ತಾಗಿ ಮಂಜು ಕವಿದಂತಾದ ಜಾಗ. ಅದು ಕೊಳೆ ಅಲ್ಲ, ಕರಗಿ ಮತ್ತೆ ಗಟ್ಟಿಯಾದ ಪ್ಲಾಸ್ಟಿಕ್. ಇನ್ನಷ್ಟು ತಿನ್ನರ್ ಹಾಕಿದರೆ ಇನ್ನಷ್ಟು ಮಂಜು. ಮೂರು, ರಬ್ಬರಿನಂಥ ಮೆದು ಲೇಪ ಇರುವ ನಾಬುಗಳು. ನಮ್ಮ ತೇವದ ಹವೆಗೆ ಆ ಲೇಪವೇ ಕೊಳೆತು ಅಂಟಾಗುತ್ತದೆ. ಅದಕ್ಕೆ ಎಣ್ಣೆ ಹಚ್ಚಿ ಪ್ರಯೋಜನವಿಲ್ಲ. ನಾಬನ್ನು ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಆ ಲೇಪವನ್ನೇ ಒರೆಸಿ ತೆಗೆಯಬೇಕು.

ಇನ್ನು "ಜುಜುಬಿ ಪ್ಲಾಸ್ಟಿಕ್, ಹಾಳಾದರೆ ಹೊಸತು ಹಾಕಿದರಾಯಿತು" ಅನ್ನುವವರಿಗೆ ಒಂದು ಮಾತು. ಹಳೇ ಗಿಟಾರಿನ ಪಿಕ್‌ಗಾರ್ಡ್ ತಂದು ಕೊಡಿ ನೋಡುವ! ಆಕಾರ ಸೇರಿದರೆ ಸ್ಕ್ರೂ ತೂತು ಸೇರುವುದಿಲ್ಲ, ತೂತು ಸೇರಿದರೆ ಬಣ್ಣ ಸೇರುವುದಿಲ್ಲ. ಒಂದು ವೇಳೆ ಎಲ್ಲ ಸೇರಿದರೂ ಅಜ್ಜನ ಗೀರುಗಳನ್ನು ಯಾವ ಅಂಗಡಿ ಮಾರುತ್ತದೆ?

ಮತ್ತೊಂದು ವಿಷಯ, ಇದು ಗಿಟಾರಿಗಿಂತ ದೊಡ್ಡದು. ಕೂಳೂರು, ಪಣಂಬೂರು, ಬೈಕಂಪಾಡಿಯ ಎಷ್ಟೋ ಮನೆಯವರು ಬಂದರು, ಗೊಬ್ಬರದ ಕಾರ್ಖಾನೆ, ರಿಫೈನರಿ ಅಂತ ಕೆಲಸ ಮಾಡುವವರು. ಪ್ರತಿ ವರ್ಷ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನದ ಬ್ಯಾಡ್ಜ್ ಹಾಕಿಕೊಳ್ಳುವವರು. ಡ್ಯೂಟಿಯಲ್ಲಿ ಬೆಂಕಿಪೊಟ್ಟಣ ಜೇಬಿನಲ್ಲಿಟ್ಟುಕೊಳ್ಳದ ಅದೇ ಮನುಷ್ಯ ಮನೆಗೆ ಬಂದು, ಮಳೆ ಅಂತ ಕಿಟಕಿ ಮುಚ್ಚಿ, ಅಡುಗೆಮನೆಯ ಪಕ್ಕದಲ್ಲೇ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಮಗನ ಕೈಗೆ ಕೊಡುತ್ತಾನೆ! ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳಬಲ್ಲದು, ನಮ್ಮ ಸೆಖೆಯಲ್ಲಿ ಕೇಳುವುದೇ ಬೇಡ. ಆ ಆವಿ ಗಾಳಿಗಿಂತ ಭಾರ, ನೆಲದಲ್ಲಿ ಹರಿದುಕೊಂಡು ಒಲೆಯವರೆಗೆ, ದೇವರ ದೀಪದವರೆಗೆ ಹೋಗುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ತಿನ್ನರಿನ ಆವಿಗೆ ತಲೆ ಸುತ್ತುತ್ತದೆ. ನಾನು ಐದನೆಯದಾಗಿ ಹೇಳಿದ ನಾಫ್ತಾ, ಆಲ್ಕೋಹಾಲುಗಳೂ ಬೆಂಕಿಗೆ ಸಾಧು ಅಲ್ಲ. ಅವನ್ನು ಬಯಲಿಗೆ ತೆರೆದ ಜಗಲಿಯಲ್ಲಿ, ಬೆಂಕಿಯಿಂದ ದೂರ, ದೊಡ್ಡವರೇ ಬಳಸಬೇಕು. ಮಕ್ಕಳ ಕೈಗೆ ಕೊಡುವುದಿದ್ದರೆ ತೆಂಗಿನೆಣ್ಣೆ ಕೊಡಿ. ಚೆಲ್ಲಿದರೆ ಹೆಚ್ಚೆಂದರೆ ಅಮ್ಮನ ಬೈಗುಳ ಸಿಗುತ್ತದೆ.

ಕೊನೆಗೆ ಮಾರುವವರ ಹತ್ತಿರ ಒಂದು ಜಗಳ. ಸೀರೆಗೆ ರೇಟಿನ ಚೀಟಿಯನ್ನು ದಾರದಲ್ಲಿ ಕಟ್ಟುತ್ತಾರೆ. ಚಿನ್ನದ ಸರಕ್ಕೆ ದಾರದಲ್ಲಿ ಕಟ್ಟುತ್ತಾರೆ. ಸಾವಿರಾರು ರೂಪಾಯಿಯ ಗಿಟಾರಿಗೆ ಮಾತ್ರ ಮುಖದ ಮೇಲೆಯೇ ಸ್ಟಿಕ್ಕರ್ ಬಡಿಯುವುದು ಯಾಕೆ? ಟ್ಯೂನಿಂಗ್ ಕೀಗೆ ಒಂದು ದಾರ ಸುತ್ತಿ ಚೀಟಿ ನೇತುಹಾಕಲು ಎಷ್ಟು ಖರ್ಚು? ಅಮೆರಿಕದ ತ್ರೀಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪ್ ಕಂಡುಹಿಡಿದದ್ದೇ ಕಾರಿಗೆ ಎರಡು ಬಣ್ಣ ಹೊಡೆಯುವಾಗ ಮೊದಲ ಬಣ್ಣಕ್ಕೆ ಏನೂ ಆಗದೆ ಕಿತ್ತು ಬರುವ ಟೇಪ್ ಬೇಕು ಅಂತ. ಹಾನಿ ಮಾಡದೆ ಕಿತ್ತು ಬರುವ ಅಂಟಿಗೆ ನೂರು ವರ್ಷ ತುಂಬಿದೆ. ನಮ್ಮ ಅಂಗಡಿಗಳ ರೇಟ್ ಸ್ಟಿಕ್ಕರಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಇನ್ನು ಮುಂದೆ ಗಿಟಾರ್ ಕೊಳ್ಳುವವರು ಬಿಲ್ ಹಾಕಿಸುವ ಮೊದಲೇ "ಸ್ಟಿಕ್ಕರ್ ತೆಗೆದು ಕೊಡಿ, ಆದರೆ ನನ್ನ ಕಣ್ಣೆದುರು, ಏನೂ ಹಾಕದೆ" ಅಂತ ಕೇಳಿ. ನಾಲ್ಕು ಗಿರಾಕಿ ಹೀಗೆ ಕೇಳಿದರೆ ಐದನೆಯವರಿಗೆ ದಾರದ ಚೀಟಿ ಬಂದೀತು. ರಿಪೇರಿಗೆ ಕೊಡುವವರು "ಕೇಳದೆ ಏನನ್ನೂ ಉಜ್ಜಬೇಡಿ" ಅಂತ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಬ್ಲಾಗ್ ಮಿತ್ರರೇ, ನಿಮ್ಮ ಮನೆಯ ಗಿಟಾರ್, ಕೀಬೋರ್ಡ್, ಹಾರ್ಮೋನಿಯಂ ಮೇಲೂ ಅಂಟು ಇರಬಹುದು. ನಿಮ್ಮ ಊರಲ್ಲಿ ಹಲಸಿನ ಮೇಣಕ್ಕೆ ಎಳ್ಳೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಹಚ್ಚುವ ಕ್ರಮ ಇದ್ದರೆ ಅದನ್ನೂ ಬರೆಯಿರಿ, ನಾನೂ ಪ್ರಯೋಗ ಮಾಡ್ತೇನೆ. ತಿನ್ನರಿನ ಪರವಾಗಿ ವಾದ ಮಾಡುವವರಿಗೂ ಸ್ವಾಗತ. ಆದರೆ ದಯವಿಟ್ಟು ಬಕೆಟ್ಟಿನ ಉದಾಹರಣೆ ತರಬೇಡಿ!